ಯಾರ ಕಣ್ಣಿಗೆ ಎಷ್ಟು ನಂಬರು

ಗುಟ್ಟು ಯಾರ ಸೊತ್ತು ಎಂಬುದು ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ಮನೆಯ ಪಾತ್ರೆಯನ್ನು ಯಾರಾದರೂ ಹೊತ್ತುಕೊಂಡು ಹೋದರೆ ಪೊಲೀಸರ ಹತ್ತಿರ ಹೋಗಬಹುದು. ಮನೆಯ ವಿಷಯವನ್ನು ಹೊತ್ತುಕೊಂಡು ಹೋದರೆ ಏನು ಮಾಡುವುದು? ವಿಷಯ ಮನೆಯಲ್ಲೇ ಇರುತ್ತದೆ, ಜೊತೆಗೆ ಬಸ್ ಸ್ಟ್ಯಾಂಡಿನಲ್ಲೂ ಇರುತ್ತದೆ. ಕಳುವಾದದ್ದು ಏನು ಎಂದು ಕೇಳಿದರೆ ಹೇಳಲೇಬೇಕು, ಹೇಳಿದರೆ ಪೊಲೀಸರಿಗೂ ಗೊತ್ತಾಗುತ್ತದೆ. ಇಷ್ಟು ಯೋಚಿಸುವ ಹೊತ್ತಿಗೆ ನನ್ನ ತಲೆ ಗಿರ್ರೆನ್ನುತ್ತದೆ. ಆದರೂ ಇದಕ್ಕೊಂದು ಕಾಯಿದೆ ಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ತಂಗಿಯ ಮದುವೆಯ ಮಾತುಕತೆಯ ಕಾಲದಲ್ಲಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಅರಸೀಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ಅಮ್ಮ, ನನ್ನ ಹೆಂಡತಿ ವಿಮಲಾ, ಶಾಲೆಯಲ್ಲಿ ಟೀಚರಾಗಿದ್ದ ತಂಗಿ ಸುಮತಿ. ಸುಮತಿಗೆ ಪದೇ ಪದೇ ತಲೆನೋವು ಬರುತ್ತಿದ್ದುದರಿಂದ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಸಿದ್ದಪ್ಪನವರ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಬಾಣಾವರದಿಂದ ಹಳೇಬೀಡಿನವರೆಗೆ ಕಣ್ಣು ಮಂಜಾದವರೆಲ್ಲ ಬಂದು ಕೂರುತ್ತಿದ್ದ ಬೆಂಚು ಅಲ್ಲಿತ್ತು. ಸಿದ್ದಪ್ಪನವರು ಒಳ್ಳೆಯ ಮನುಷ್ಯ. ಆದರೆ ಜನರನ್ನು ಹೆಸರಿನಿಂದ ಗುರುತಿಸುತ್ತಿರಲಿಲ್ಲ, ನಂಬರಿನಿಂದ ಗುರುತಿಸುತ್ತಿದ್ದರು. "ಅಗೋ ಅಲ್ಲಿ ಹೋಯ್ತಾವ್ರಲ್ಲ, ಪ್ಲಸ್ ಎರಡೂವರೆ. ಕನ್ನಡಕ ಇಲ್ದೆ ಹೋದ್ರೆ ಕೊಬ್ಬರಿ ಯಾವ್ದು, ಚಿಪ್ಪು ಯಾವ್ದು ಅಂತ ಗೊತ್ತಾಗಕಿಲ್ಲ," ಎನ್ನುತ್ತಿದ್ದರು. ಹೋಗುತ್ತಿದ್ದವರು ಕೊಬ್ಬರಿ ವ್ಯಾಪಾರಿ. ನಾನು ಬೆಂಚಿನ ಮೇಲೆ ಕೂತು ಚೆನ್ನಾಗಿ ನಕ್ಕೆ. ಸುಮತಿಗೆ ಕನ್ನಡಕ ಮಾಡಿಸಿಕೊಂಡು ನಾವು ಎದ್ದು ಹೋದ ಮೇಲೆ ಅದೇ ಬೆಂಚಿನ ಮೇಲೆ ಇನ್ನೊಬ್ಬರು ಬಂದು ಕೂರುತ್ತಾರೆ ಎಂಬುದು ಮಾತ್ರ ಹೊಳೆಯಲಿಲ್ಲ.

ಆಮೇಲೆ ಸುಮತಿಗೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಿಂದ ಸಂಬಂಧ ಬಂತು. ನಮ್ಮವರೇ, ಜೈನರು. ಹುಡುಗ ಅಜಿತ ಬೇಲೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಆಗ ಕನ್ನಡಕ ಹಾಕಿದ ಹುಡುಗಿಯೆಂದರೆ ಅರ್ಧ ಜನ ಬಾಗಿಲಿನಿಂದಲೇ ಹಿಂದಿರುಗುತ್ತಿದ್ದರು. ಹಾಗೆ ಹಿಂದಿರುಗಿದವರನ್ನು ನಾವು ಆಗಲೇ ನೋಡಿದ್ದೆವು. ಒಬ್ಬ ಹೆಂಗಸಂತೂ ಹುಟ್ಟುವ ಮಕ್ಕಳೂ ಕನ್ನಡಕ ಹಾಕಿಕೊಂಡೇ ಹುಟ್ಟುತ್ತವೆ ಎಂಬಂತೆ ಮುಖ ಮಾಡಿದ್ದರು. ಆ ರಾತ್ರಿ ಸುಮತಿ ಊಟ ಮಾಡಿರಲಿಲ್ಲ. ಅದಕ್ಕೇ ಈ ಸಲ ಕನ್ನಡಕ ಬೇಡವೆಂದು ಅಮ್ಮನೂ ನಾನೂ ತೀರ್ಮಾನಿಸಿದೆವು.

"ಆಗಲಿ ಅಣ್ಣ," ಎಂದಳು ಸುಮತಿ. "ಕಾಫಿ ಯಾರ ಮಡಿಲಿಗೆ ಬೀಳುತ್ತೋ ನನ್ನ ಕೇಳಬೇಡ."

ಗಂಡಿನ ಕಡೆಯವರು ಬಂದರು. ಹುಡುಗ ನಡುಮನೆಗೆ ಬಂದವನೇ ಗೂಟಕ್ಕೆ ನೇತುಹಾಕಿದ್ದ ನನ್ನ ಕೋಟಿಗೆ ಭಕ್ತಿಯಿಂದ ಕೈಮುಗಿದ. ಎಷ್ಟು ವಿನಯ ಎಂದುಕೊಂಡೆ. ಸುಮತಿ ಬರಿಗಣ್ಣಿನಲ್ಲಿ ಕಾಫಿ ತಟ್ಟೆ ಹಿಡಿದು, ಬಾಗಿಲನ್ನು ಅಂದಾಜಿನ ಮೇಲೆ ದಾಟಿದಳು. ಹುಡುಗನ ತಂದೆ ಧರಣೇಂದ್ರಯ್ಯನವರು ತಟಕ್ಕನೆ ಕಾಲು ಹಿಂದಕ್ಕೆಳೆದುಕೊಂಡರು.

"ತಾಯಿ, ತಟ್ಟೆ ಅಲ್ಲೇ ಇಟ್ಟು ಮೊದಲು ಕನ್ನಡಕ ಹಾಕ್ಕೊಂಡು ಬಾಮ್ಮ," ಎಂದರು. "ಮೈನಸ್ ಮೂರು ಇಟ್ಕೊಂಡು ಬಿಸಿ ಕಾಫಿ ತರಬಾರದು."

ಅಮ್ಮ ನನ್ನ ಮುಖ ನೋಡಿದರು, ನಾನು ಕೋಟನ್ನು ನೋಡಿದೆ. ನಮ್ಮ ಮನೆಯಲ್ಲೇ ಅಮ್ಮನಿಗೆ ಆ ನಂಬರು ಗೊತ್ತಿರಲಿಲ್ಲ. ನಿಮಗೆ ಹೇಗೆ ತಿಳಿಯಿತು ಎಂದು ತೊದಲಿದೆ. ಅವರು ಆರಾಮವಾಗಿ ಹೇಳಿದರು: "ನನ್ನ ಕನ್ನಡಕದ ಕಡ್ಡಿ ಮುರಿದಿತ್ತು ಕಣ್ರೀ. ಸಿದ್ದಪ್ಪನ ಅಂಗಡಿಗೆ ಹೋಗಿದ್ದೆ. ಹಿಂಗೆ ಇಂಥವರ ಮನೇಲಿ ಹೆಣ್ಣು ನೋಡಕ್ಕೆ ಹೋಗ್ತಾ ಇದೀವಿ ಅಂದೆ. ಓ, ಮೈನಸ್ ಮೂರಾ, ಒಳ್ಳೆ ಹುಡುಗಿ, ಚೌಕಾಸಿ ಮಾಡಲಿಲ್ಲ ಅಂದ."

ಸುಮತಿ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದಳು. ಎದುರಿಗೇ ಕುಳಿತಳು. ಅವಳ ಕೆನ್ನೆ ಕೆಂಪಾಗಿತ್ತು, ದನಿ ಮಾತ್ರ ನಡುಗಲಿಲ್ಲ.

"ಬಚ್ಚಿಟ್ಟದ್ದು ತಪ್ಪು. ನೀವು ಹೊರಡೋದರೊಳಗೆ ನಾನೇ ಹೇಳಬೇಕು ಅಂತ ಇದ್ದೆ," ಎಂದಳು. "ನನ್ನ ಕಣ್ಣಿನ ವಿಷಯ. ಹೇಳೋದಿದ್ರೆ ನಾನು ಹೇಳಬೇಕಾಗಿತ್ತು. ಅಂಗಡಿಯವರಿಗೆ ಆ ಹಕ್ಕು ಯಾರು ಕೊಟ್ಟರು?"

ಈ ಸಂಬಂಧವೂ ಬಾಗಿಲು ದಾಟಿತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅಜಿತ ಗಂಟಲು ಸರಿಮಾಡಿಕೊಂಡು, ಜೇಬಿನಿಂದ ದಪ್ಪ ಗಾಜಿನ ಕನ್ನಡಕ ತೆಗೆದು ಹಾಕಿಕೊಂಡ. "ನಂದು ಮೈನಸ್ ಐದು," ಎಂದ. "ಬಸ್ಸಿಳಿದ ತಕ್ಷಣ ಅಪ್ಪಾಜಿ ತೆಗೆಸಿಬಿಟ್ಟರು." ಆಮೇಲೆ ಗೂಟದ ಕಡೆ ನೋಡಿ, "ಅಲ್ಲಿ ನಿಂತಿದ್ದೋರು ಎಲ್ಲಿ ಹೋದ್ರು?" ಎಂದು ಮೆಲ್ಲಗೆ ಕೇಳಿದ. ಸುಮತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಧರಣೇಂದ್ರಯ್ಯನವರು ಕಾಫಿಯೊಳಗೆ ಮುಖ ಹುದುಗಿಸಿಕೊಂಡರು. ಮದುವೆ ನಿಶ್ಚಯವಾಯಿತು.

ಈಗ ನನ್ನ ಗೊಂದಲ ನೋಡಿ. ಸಿದ್ದಪ್ಪನವರಿಂದ ನಮ್ಮ ಮಾನ ಹೋಯಿತು, ಅವರಿಂದಲೇ ಮದುವೆಯೂ ಕುದುರಿತು. ಬೈಯಬೇಕೋ, ಲಗ್ನಪತ್ರಿಕೆ ಕೊಟ್ಟು ಕರೆಯಬೇಕೋ? ಅಂಗಡಿಯವನು ಗಿರಾಕಿಯ ವಿಷಯ ಹೊರಗೆ ಹೇಳದಂತೆ ಏನಾದರೂ ಕಾನೂನು ಇದೆಯೇ ಎಂದು ನಮ್ಮ ಬೀದಿಯ ವಕೀಲರನ್ನು ಕೇಳಿದೆ. "ಅಂಗಡಿಯವರಿಗೆ ಅಂಥದ್ದೇನೂ ಇಲ್ಲ ಕಣ್ರೀ. ನಮಗಾದರೆ ಕಟ್ಟುನಿಟ್ಟು. ಕಕ್ಷಿದಾರರ ಒಂದು ಮಾತೂ ಹೊರಗೆ ಹೋಗಬಾರದು," ಎಂದರು. ಉದಾಹರಣೆಗೆ ಎಂದು, ನಮ್ಮ ಹಿಂದಿನ ಬೀದಿಯ ಅಣ್ಣತಮ್ಮಂದಿರು ತೋಟದ ಪಾಲಿಗಾಗಿ ಯಾವ ಸಾಕ್ಷಿಯನ್ನು ತಯಾರು ಮಾಡಿಟ್ಟುಕೊಂಡಿದ್ದಾರೆ ಎಂಬುದನ್ನು ವಿವರವಾಗಿ ಹೇಳಿದರು.

ಕಾಯಿದೆ ಬರುವವರೆಗೆ ನಾನೇ ಕಾಯಿದೆ ಎಂದುಕೊಂಡು ಒಂದು ಸಂಜೆ ಅಂಗಡಿಗೆ ಹೋದೆ. ಸುಮತಿ ಹೇಳಿದ ಮಾತನ್ನೇ ನನ್ನ ಮಾತಿನಂತೆ ಹೇಳಿದೆ. ಬೇರೆ ಮನೆಯವರಾಗಿದ್ದರೆ ಆ ಹುಡುಗಿಯ ಗತಿ ಏನಾಗುತ್ತಿತ್ತು ಎಂದೂ ಕೇಳಿದೆ. ಸಿದ್ದಪ್ಪನವರ ಮುಖ ಸಣ್ಣದಾಯಿತು.

"ತಪ್ಪಾಯ್ತು ಸ್ವಾಮಿ. ಒಳ್ಳೇದಾಗ್ಲಿ ಅಂತ ಅಂದೆ, ಅಷ್ಟೇಯ. ಇನ್ಮೇಕೆ ಯಾರ ಇಸ್ಯವೂ ಯಾರ ತಾವೂ ಎತ್ತಕಿಲ್ಲ," ಎಂದರು. ಆಮೇಲೆ, ಬೆಂಚಿನ ಮೇಲಿದ್ದ ಪೇಪರನ್ನು ಎತ್ತಿಕೊಂಡು ಓದತೊಡಗಿದ್ದ ನನ್ನನ್ನು ಒಂದು ಗಳಿಗೆ ನೋಡಿ, "ಆ ಪೇಪರ್ ಯಾಕೆ ಅಷ್ಟು ದೂರ ಹಿಡ್ಕೊಂಡಿದೀರಿ?" ಎಂದರು. ಪರೀಕ್ಷೆ ಮಾಡಿದರೆ ನನಗೆ ಚಾಳೀಸು ಬಂದಿತ್ತು. ಕನ್ನಡಕಕ್ಕೆ ಹೇಳಿದೆ. ನಲವತ್ತಕ್ಕೇ ಮುದುಕನಾದೆನೆಂದು ಕಚೇರಿಯಲ್ಲಿ ನಗುತ್ತಾರೆ, ದಯವಿಟ್ಟು ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡು ಕತ್ತಲಾದ ಮೇಲೆ ಮನೆಗೆ ಬಂದೆ. ಇಷ್ಟು ಹೊತ್ತು ಎಲ್ಲಿದ್ದಿರಿ ಎಂದ ವಿಮಲಾಗೆ ಮಾತ್ರ ನಿಜ ಹೇಳಿದೆ.

ಕನ್ನಡಕ ಸಿದ್ಧವಾಯಿತೆಂಬ ಸುದ್ದಿ ಬರಲೇ ಇಲ್ಲ. ಕೊನೆಗೆ ಪೇಟೆಗೆ ಹೊರಟಿದ್ದ ವಿಮಲಾಗೆ ಹಾಗೇ ತೆಗೆದುಕೊಂಡು ಬಾ ಎಂದೆ. ಅವಳು ಬರಿಗೈಯಲ್ಲಿ ಬಂದಳು, ಮುಖ ಬಿಗಿದುಕೊಂಡಿತ್ತು.

"ಅಂಥೋರು ಯಾರೂ ನಮ್ಮ ಅಂಗಡಿಗೆ ಬಂದೇ ಇಲ್ಲ ಕಣಮ್ಮ ಅಂದ್ರು," ಎಂದಳು. "ನಿಮ್ಮ ಹೆಸರೇ ಕೇಳಿಲ್ಲವಂತೆ. ಹಾಗಾದರೆ ಅವತ್ತು ಕತ್ತಲಾಗೋವರೆಗೆ ಎಲ್ಲಿದ್ರಿ?"

ಆಣೆ ಪ್ರಮಾಣ ಏನೂ ನಡೆಯಲಿಲ್ಲ. ಅವಳನ್ನು ಕರೆದುಕೊಂಡೇ ಅಂಗಡಿಗೆ ಓಡಿದೆ. ಬೇಲೂರಿನ ಬಸ್ಸು ಆಗತಾನೇ ಬಂದು ನಿಂತಿತ್ತು, ಬೆಂಚಿನ ತುಂಬ ಜನ. ನಮ್ಮ ಕಚೇರಿಯ ಹೆಡ್ ಗುಮಾಸ್ತರೂ ಮೂಲೆಯಲ್ಲಿ ಕೂತಿದ್ದರು. ಸಿದ್ದಪ್ಪನವರು ನನ್ನನ್ನು ಎಂದೂ ಕಂಡೇ ಇಲ್ಲದವರಂತೆ ನೋಡಿದರು.

"ನನ್ನ ಕನ್ನಡಕ," ಎಂದೆ.

"ಯಾವ ಕನ್ನಡಕ ಸ್ವಾಮಿ?" ಎಂದು ನನ್ನತ್ತ ಕಣ್ಣು ಮಿಟುಕಿಸಿದರು, ಕೊಟ್ಟ ಮಾತಿಗೆ ತಪ್ಪಲಿಲ್ಲ ನೋಡಿ ಎನ್ನುವ ಹಾಗೆ. ವಿಮಲಾ ಆ ಮಿಟುಕನ್ನು ಕಂಡಳು. ಅವಳ ಹುಬ್ಬು ಮೇಲಕ್ಕೇರಿತು.

ನಾನು ಬೆಂಚಿನ ಮುಂದೆ ನಿಂತು, ಬಸ್ಸಿನೊಳಗಿದ್ದವರಿಗೂ ಕೇಳುವ ಹಾಗೆ, ನನ್ನ ಹೆಸರು, ಕಚೇರಿ, ವಯಸ್ಸು, ಚಾಳೀಸು ಬಂದಿರುವುದು, ಪ್ಲಸ್ ಒಂದೂವರೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೂಗಿ ಹೇಳಿದೆ.