ತುಂಡು ಅಣು ಮಹಾಶಯರಲ್ಲಿ ಒಂದು ಅರಿಕೆ

ಪರಮ ಮಾನ್ಯ ತುಂಡು ಅಣು ಮಹಾಶಯರೇ,

ನಮ್ಮ ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಬಾಡಿಗೆಯಿಲ್ಲದೆ, ಕೆಲಸವೂ ಇಲ್ಲದೆ ಠಿಕಾಣಿ ಹೂಡಿರುವ ತಮ್ಮ ಪಾದಗಳಿಗೆ, ಅಣುವಿಗೆ ಪಾದಗಳಿಲ್ಲವೆಂಬ ಅರಿವಿದ್ದೂ, ಈ ಸಂಶೋಧಕಿಯ ಸವಿನಯ ವಂದನೆಗಳು.

ತಾವು ಮರೆತಿರಬಹುದು, ಆ ಕೊಳವೆ ತಮ್ಮದಲ್ಲ. ಭೂಮಿಯ ಮೇಲೆ ಜೀವವೆಂಬುದು ಕಾಣಿಸಿಕೊಳ್ಳುವ ಮೊದಲು, ನಕಲಾಗುತ್ತ ಬೆಳೆಯುವ ಅಣುಗಳು ಒಂದಕ್ಕೊಂದು ಹೆಗಲು ಕೊಟ್ಟು ಉಳಿದಿರಬಹುದೇ ಎಂದು ನೋಡಲು ನಾನು ಅಲ್ಲಿ ಅಕ್ಕತಂಗಿಯರಂಥ ಮೂರು ಅಣುಗಳನ್ನು ಬಿಟ್ಟಿದ್ದೆ. ಅಕ್ಕ ನಡುವಿನವಳ ನಕಲು ಮಾಡಬೇಕು, ನಡುವಿನವಳು ತಂಗಿಯದು, ತಂಗಿ ಅಕ್ಕನದು. ಚೆನ್ನಾಗಿಯೇ ಸಂಸಾರ ಮಾಡಿಕೊಂಡಿದ್ದರು. ಅಷ್ಟರಲ್ಲಿ ತಂಗಿಯ ನಕಲೊಂದರಲ್ಲಿ ಒಂದು ತುಣುಕು ಬಿಟ್ಟುಹೋಗಿ ತಾವು ಅವತರಿಸಿದಿರಿ. ಬಿಟ್ಟುಹೋದದ್ದು ನೆರವು ಕೊಡುವ ಭಾಗ, ಉಳಿದದ್ದು ನೆರವು ಪಡೆಯುವ ಭಾಗ. ಕೈಗಳನ್ನು ಕಳಚಿಟ್ಟು ಬಾಯನ್ನು ಮಾತ್ರ ಉಳಿಸಿಕೊಂಡ ತಮ್ಮ ಮಿತವ್ಯಯವನ್ನು ಎಷ್ಟು ಹೊಗಳಿದರೂ ಸಾಲದು. ಮೈ ಗಿಡ್ಡವಾದ್ದರಿಂದ, ತಂಗಿಯ ಒಂದು ನಕಲು ಮುಗಿಯುವಷ್ಟರಲ್ಲಿ ತಮ್ಮವು ಹಲವು ಎದ್ದು ನಿಲ್ಲುತ್ತಿದ್ದವು.

ನಕಲುಗಳಿಗೆ ಅಂಟಿ ಹೊಳೆಯುವ ಬಣ್ಣ ಬೆರೆಸಿದ ಇಂಥ ಹಲವು ಕೊಳವೆಗಳಲ್ಲಿ, ಪ್ರತಿ ಬೆಳಿಗ್ಗೆ ಎಲ್ಲಕ್ಕಿಂತ ಹೆಚ್ಚು ಬೆಳಗುವುದರಿಂದ ಒಂದು ತೊಟ್ಟು ತೆಗೆದು ಹೊಸ ಆಹಾರಕ್ಕೆ ಹಾಕಿ, ಮಂಕಾದವನ್ನು ಚೆಲ್ಲುವುದು ನಮ್ಮ ಮುಖ್ಯಸ್ಥರ ಪದ್ಧತಿ. ಹೆಚ್ಚು ನಕಲಾದರೆ ಹೆಚ್ಚು ಬೆಳಕು ಎಂಬುದು ಸರಿಯೇ, ಆದರೆ ಯಾರ ನಕಲು ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ದುಡಿಯದವರೇ ಹೆಚ್ಚು ಹೊಳೆಯುವುದು ಕಚೇರಿಗಳಲ್ಲಿ ಮಾತ್ರ ಎಂದುಕೊಂಡಿದ್ದೆವು. ಅತ್ತ ಮುಖ್ಯಸ್ಥರು ತಾವಿದ್ದ ಕೊಳವೆಯನ್ನು ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡರೆ, ಇತ್ತ ನಾನು ಅಕ್ಕತಂಗಿಯರನ್ನು ದಿನವೂ ಸಿಂಕಿಗೆ ಸುರಿಯುತ್ತಿದ್ದೆ.

ಕೊನೆಗೆ ದುಡಿಯುವವರು ಯಾರೂ ಉಳಿಯದೆ ತಮ್ಮ ಬೆಳಕೂ ಆರಿತು. ಮುಖ್ಯಸ್ಥರು ನನ್ನನ್ನು ಕರೆದು, "ಮೊದ್ಲೇ ತೆಗೆದಿಟ್ಟದ್ದು ಫ್ರೀಜರ್‌ನಲ್ಲಿ ಇನ್ನೊಂದೇ ಕೊಳವೆ ಇದೆಯಲ್ಲಮ್ಮ, ಅದೂ ಹೋದ್ರೆ ಈ ಕೆಲಸ ಮುಚ್ಚಿಬಿಡೋಣ" ಎಂದರು. ಅದನ್ನು ಕರಗಿಸಿ ನೋಡಿದರೆ ಮೂವರ ನಡುವೆ ತಾವು ಆಗಲೇ ಹಾಯಾಗಿ ಕುಳಿತಿದ್ದಿರಿ. ನನಗೆ ಸಿಟ್ಟಿಗಿಂತ ಅಳುವೇ ಹೆಚ್ಚು ಬಂತು.

ಆದ್ದರಿಂದ ದಯವಿಟ್ಟು ಕಳೆದ ತುಣುಕನ್ನು ಹುಡುಕಿ ಜೋಡಿಸಿಕೊಳ್ಳಬೇಕು. ಅದಾಗದಿದ್ದರೆ, ಇಲ್ಲದ ಕೈಯನ್ನಾದರೂ ಆಗೀಗ ಅಕ್ಕನ ಕೆಲಸಕ್ಕೆ ಜೋಡಿಸಬೇಕು. ಅದೂ ಆಗದಿದ್ದರೆ, ಚೂರು ಆತ್ಮಗೌರವ ಬೆಳೆಸಿಕೊಂಡು, ಇನ್ನು ಯಾರ ನೆರವೂ ಬೇಡವೆಂದು ಲಿಖಿತವಾಗಿ ತಿಳಿಸಬೇಕು. ತಮ್ಮ ಪ್ರತಾಪವನ್ನು ಮನೆಯಲ್ಲಿ ವಿವರಿಸಿದಾಗ ನಮ್ಮತ್ತೆ, ಇದು ಕೆಲಸವಿಲ್ಲದೆ ಮನೆಯಲ್ಲಿರುವ ಕಿರಿಮಗನ ಮೇಲಿನ ಚಾಡಿಯೆಂದೇ ತಿಳಿದು ಮುನಿಸಿಕೊಂಡು, "ಹಾಗಿದ್ರೆ ಅಡುಗೆ ಬೇರೆ ಮಾಡ್ಕೊಂಡ್ಬಿಡಿ" ಎಂದುಬಿಟ್ಟರು. ಮೈದುನ ಮಾತ್ರ ತಲೆಯೆತ್ತದೆ ಊಟ ಮುಂದುವರಿಸಿದ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ಕೊಳವೆ ತೊಳೆಯುವ ಸಂಶೋಧಕಿ

ವಿ.ಸೂ.: ಅತ್ತೆಯವರ ಮಾತನ್ನು ಇಂದು ಬೆಳಿಗ್ಗೆ ಜಾರಿಗೆ ತಂದಿದ್ದೇನೆ. ಆ ಕೊನೆಯ ಕೊಳವೆಗೆ ಎಣ್ಣೆ ಬೆರೆಸಿ ಕುಲುಕಿ, ಒಂದಕ್ಕೊಂದು ಸೇರದ ಪುಟ್ಟ ಹನಿಗಳಾಗಿ ಒಡೆದು, ಒಂದೊಂದು ಹನಿಯನ್ನೂ ಒಂದೊಂದು ಮನೆಯಾಗಿಸಿದ್ದೇನೆ. ತಾವಿಲ್ಲದ ಹನಿಗಳಲ್ಲಿ ಅಕ್ಕತಂಗಿಯರು ಮೆಲ್ಲಗೆ ಮಿಣುಕತೊಡಗಿದ್ದಾರೆ. ತಮಗೆ ಅನ್ಯಾಯವಾಗಬಾರದಲ್ಲ, ತಮಗೂ ಹೊಟ್ಟೆತುಂಬ ಆಹಾರವಿರುವ ಸ್ವಂತ ಹನಿಯೊಂದು ಸಿಕ್ಕಿದೆ. ಅಲ್ಲಿ ತಮ್ಮ ನಕಲು ಮಾಡಲು ತಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.