ವ್ಯಾನಿನೊಳಗೆ ರದ್ದಾದ ಭಾನುವಾರ

ಹಾಸನ, 1-12-1998

ನಾಲ್ಕೂರು ಸೇವಾ ಸೈಕಲ್ ಜಾಥಾ ಸಮಿತಿಯ ಗೌರವಾನ್ವಿತ ಅಧ್ಯಕ್ಷರೂ, ಸದರಿ ಸಮಿತಿಯ ವ್ಯಾನಿನಲ್ಲಿ ಕಿಟಕಿ ಪಕ್ಕದ ಸೀಟಿನ ಖಾಯಂ ಒಡೆಯರೂ ಆದ ಶ್ರೀ ಮುರಳೀಕೃಷ್ಣ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಹಾಸನದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವ, ನಲವತ್ತಾರು ವರ್ಷದ ಗಂಗಾಂಬಿಕೆಯ ಸಾಷ್ಟಾಂಗ ನಮಸ್ಕಾರಗಳು. ಹೆಂಗಸರು ಸಾಷ್ಟಾಂಗ ಹಾಕಬಾರದೆಂದು ಹಿರಿಯರು ಹೇಳುವುದುಂಟು; ಆದರೆ ಒಂದರ ಹಿಂದೊಂದು ಎರಡು ದಿನ ಸೈಕಲ್ ತುಳಿದವಳಿಗೆ ಆಮೇಲೆ ನಾಲ್ಕು ದಿನ ಬೋರಲು ಮಲಗುವುದು ಬಿಟ್ಟು ಬೇರೆ ಯಾವ ಭಂಗಿಯೂ ಒಗ್ಗಲಿಲ್ಲವಾದ್ದರಿಂದ, ಅಭ್ಯಾಸಬಲದಿಂದ ಹಾಗೇ ಹಾಕಿದ್ದೇನೆ, ಸ್ವೀಕರಿಸಬೇಕು.

ತಮ್ಮ ಕಾರಣ ಕೇಳುವ ನೋಟೀಸು ತಲುಪಿತು. ಸಮಿತಿ ರದ್ದುಪಡಿಸಿದ್ದ ಭಾನುವಾರದ ತರಬೇತಿಯನ್ನು ನಾನೂ ಸಾಲಗಾಮೆಯ ಹಾಲಿನ ದ್ಯಾವಯ್ಯನವರೂ ಅನಧಿಕೃತವಾಗಿ ಪೂರೈಸಿ ಸಮಿತಿಯ ಘನತೆಗೆ ಕುಂದು ತಂದಿದ್ದೇವೆಂದೂ, ಏಳು ದಿನದೊಳಗೆ ಬರವಣಿಗೆಯಲ್ಲಿ ಕ್ಷಮೆ ಕೇಳದಿದ್ದರೆ ಜಾಥಾದಿಂದ ಇಬ್ಬರ ಹೆಸರನ್ನೂ ಹೊಡೆದುಹಾಕುವುದಾಗಿಯೂ ಅದರಲ್ಲಿ ಅಪ್ಪಣೆಯಾಗಿದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಕೆಲಸ ಮಾಡದವರಿಗೆ ನೋಟೀಸು ಬಂದದ್ದನ್ನು ಕಂಡಿದ್ದೇನೆ. ಮಾಡಿದವರಿಗೆ ಬಂದದ್ದು ಇದೇ ಮೊದಲು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ, ತುಂಬಾ ಸಂತೋಷಪಟ್ಟರು.

ಇದು ಬಹಿರಂಗ ಪತ್ರವಾದ್ದರಿಂದ ವಿಷಯ ತಿಳಿಯದವರಿಗೆ ಎರಡು ಮಾತು ಹೇಳಬೇಕು. ಇದೇ ತಿಂಗಳ ಹತ್ತೊಂಬತ್ತು ಮತ್ತು ಇಪ್ಪತ್ತಕ್ಕೆ ನಮ್ಮ ಜಾಥಾ: ಶನಿವಾರ ಹಾಸನದಿಂದ ಹೊಳೆನರಸೀಪುರ, ಅರಕಲಗೂಡು ಸುತ್ತಿ ವಾಪಸ್ಸು, ಮಾರನೇ ದಿನ ಚನ್ನರಾಯಪಟ್ಟಣಕ್ಕೆ ಹೋಗಿ ವಾಪಸ್ಸು. ಎರಡೂ ದಿನ ಪೂರ್ತಿ ತುಳಿದ ಪ್ರತಿಯೊಬ್ಬರ ಹೆಸರಿನಲ್ಲೂ, ಅವರು ಸೂಚಿಸಿದ ಕಾಲಿಲ್ಲದವರೊಬ್ಬರಿಗೆ ಕೈಯಲ್ಲಿ ತುಳಿಯುವ ಮೂರು ಚಕ್ರದ ಗಾಡಿ ಕೊಡುವುದಾಗಿ ಕಾಫಿ ವ್ಯಾಪಾರದ ದೇವರಾಜ್ ಅವರು ಮಾತು ಕೊಟ್ಟಿದ್ದಾರೆ. ನಾನು ಸೂಚಿಸಿದ್ದು ನನ್ನ ತಂಗಿ ನೀಲಗಂಗಮ್ಮನ ಹೆಸರು. ಮೂರನೇ ವಯಸ್ಸಿಗೆ ಪೋಲಿಯೋ ಆಗಿ ಎರಡೂ ಕಾಲು ಹೋದ ಅವಳು ಅರಕಲಗೂಡಿನಲ್ಲಿ ಕೈಮಿಷನ್ನಿನಲ್ಲಿ ಬಟ್ಟೆ ಹೊಲಿಯುತ್ತಾಳೆ, ಅಂಗಡಿಬೀದಿಯನ್ನು ಕಣ್ಣಾರೆ ನೋಡಿ ಐದು ವರ್ಷವಾಯಿತು. ನನ್ನ ಹೆಸರು ಹೊಡೆದರೆ ಅವಳ ಗಾಡಿಯೂ ಹೋಯಿತು ಅಂತಲೇ ಲೆಕ್ಕ.

ಜಾಥಾಕ್ಕೆ ಒಂದು ತಿಂಗಳು ಮುಂಚೆ ಅದೇ ಹಾದಿಯಲ್ಲಿ ಅದೇ ಶನಿವಾರ, ಭಾನುವಾರ ತರಬೇತಿ ನಡೆಯತಕ್ಕದ್ದೆಂದೂ, ಎರಡೂ ದಿನ ಪೂರೈಸದವರಿಗೆ ಜಾಥಾದಲ್ಲಿ ಜಾಗವಿಲ್ಲವೆಂದೂ ಕರಪತ್ರ ಹಂಚಿದವರು ತಾವೇ. ಮೊದಲ ದಿನ ಉತ್ಸಾಹವೇ ತುಳಿದುಬಿಡುತ್ತದೆ, ಎರಡನೇ ದಿನ ನಾವೇ ತುಳಿಯಬೇಕು ಎಂದು ತಾವು ಮೈಕಿನಲ್ಲಿ ಹೇಳಿದಾಗ ನಾನು ಕೈ ತಟ್ಟಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಆಗ ನೆನಪಾಗಲಿಲ್ಲ ನೋಡಿ.

ಶನಿವಾರ ಆರು ಗಂಟೆಗೆ ಬಿಳಿ ಟೋಪಿ ಹಾಕಿಕೊಂಡು ಇಪ್ಪತ್ತೆಂಟು ಜನ ಸೇರಿದೆವು. ತಮ್ಮ ಭಾಷಣ ಮುಗಿದಾಗ ಎಂಟೂವರೆ. ತರಬೇತಿ ಅಂದರೆ ಸೈಕಲ್ ತುಳಿಯುವುದು ಎಂದು ತಿಳಿದಿದ್ದು ನನ್ನ ದಡ್ಡತನ. ಸಮಿತಿ ತಾಲೀಮು ಮಾಡಿಸಿದ್ದು ಸನ್ಮಾನವನ್ನು. ಹೊಳೆನರಸೀಪುರದಲ್ಲಿ ಹಳೇಕೋಟೆ ಕಡೆಯ ವಾದ್ಯದವರಿಂದ ಊದಿಸಿ, ಹಾರ ಹಾಕಿಸಿ, ಉಪ್ಪಿಟ್ಟು ಕೇಸರಿಬಾತು ಬಡಿಸಿ, ಸ್ವಾಗತ ಸರಿಬರಲಿಲ್ಲವೆಂದು ತಾವು ಎಲ್ಲರನ್ನೂ ಊರಾಚೆ ಕಳಿಸಿ ಇನ್ನೊಮ್ಮೆ ಒಳಗೆ ಬರಮಾಡಿಕೊಂಡಿರಿ. ಎರಡು ಸಲ ಹಾರ, ಎರಡು ಸಲ ಉಪ್ಪಿಟ್ಟು. ಅಲ್ಲಿಂದ ಹೊರಟ ಮೇಲೆ ಒಬ್ಬರಿಗೆ ಹೊಟ್ಟೆ ಭಾರ, ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರಿಗೆ ಎದುರುಗಾಳಿ. ಕುಣಿಯಲಾರದವಳಿಗೆ ನೆಲ ಡೊಂಕು, ತುಳಿಯಲಾರದವರಿಗೆ ರಸ್ತೆಯೇ ಡೊಂಕು. ಹಿಂದೆಯೇ ಬರುತ್ತಿದ್ದ ವ್ಯಾನು ನಿಂತು ನಿಂತು ಒಬ್ಬೊಬ್ಬರನ್ನಾಗಿ ಎತ್ತಿಕೊಂಡಿತು. ಮೊದಲು ಹತ್ತಿದವರು ಅಧ್ಯಕ್ಷರು, ಮೇಲ್ಪಂಕ್ತಿ ಹಾಕಿಕೊಡುವುದು ಅಂದರೆ ಅದು. ಕಿಟಕಿಯಿಂದ ಹಾರಿಬಿದ್ದ ಟೋಪಿಗಳನ್ನು ದ್ಯಾವಯ್ಯನವರು ದಾರಿಯುದ್ದಕ್ಕೂ ಹೆಕ್ಕಿ ಹಾಲಿನ ಕ್ಯಾನಿನ ಕೊಕ್ಕೆಗೆ ನೇತುಹಾಕಿಕೊಂಡು ಬಂದರು.

ಅರಕಲಗೂಡಿನಲ್ಲಿ ನನ್ನ ತಂಗಿ ಬೆಳಗಿನಿಂದ ಜಗಲಿ ಮೇಲೆ ಕೂತು ಕಾಯುತ್ತಿದ್ದಳು. ಆ ಇಪ್ಪತ್ತೆಂಟು ಟೋಪಿಗಳನ್ನು ಹೊಲಿದವಳು ಅವಳೇ, ತಲೆಗಳನ್ನೂ ನೋಡೋಣ ಎಂಬ ಆಸೆ. ಮೊದಲು ಬಂದದ್ದು ವ್ಯಾನು. ಒಳಗೆ ಸಮಿತಿ ನಿದ್ದೆ ಮಾಡುತ್ತಿತ್ತು, ಸೈಕಲ್ಲುಗಳು ಮೇಲೆ ಹಗ್ಗ ಬಿಗಿಸಿಕೊಂಡು ಹೋಗುತ್ತಿದ್ದವು. ಅರ್ಧ ಗಂಟೆ ಬಿಟ್ಟು ನಾನೂ ದ್ಯಾವಯ್ಯನವರೂ ಬಂದು ಜಗಲಿ ಮೇಲೆ ಬೆವರು ಒರೆಸಿಕೊಳ್ಳುವಾಗ ಅವಳು ಕುಹಕವಿಲ್ಲದೆ, ನಿಜಕ್ಕೂ ತಿಳಿಯದೆ ಕೇಳಿದಳು:

"ಅಲ್ಲಕ್ಕಾ, ಇವ್ರಿಗೆಲ್ಲ ಕಾಲು ಚೆನ್ನಾಗೈತೆ ತಾನೆ?"

ನನಗಂತೂ ನಾಚಿಕೆಯಾಯಿತು, ಅದೂ ತಮ್ಮ ಪರವಾಗಿ.

ಅರಕಲಗೂಡು ದಾಟಿದ ಮೇಲೆ ವ್ಯಾನಿನೊಳಗೆ ಎಚ್ಚರವಾದವರು ತುರ್ತು ಸಭೆ ಸೇರಿ ಭಾನುವಾರವನ್ನು ರದ್ದು ಮಾಡಿದರಂತೆ. ಇಪ್ಪತ್ತೆಂಟರಲ್ಲಿ ಇಪ್ಪತ್ತಾರು ಸದಸ್ಯರು ಹಾಜರಿದ್ದು ಕೋರಂ ಧಾರಾಳವಾಗಿತ್ತೆಂದೂ, ನಾವಿಬ್ಬರು ಗೈರುಹಾಜರಾಗಿದ್ದೆವೆಂದೂ ನೋಟೀಸಿನಲ್ಲಿದೆ. ಸತ್ಯ. ಸೈಕಲ್ ಜಾಥಾ ಸಮಿತಿಯ ಸಭೆಗೆ ನಾವು ಸೈಕಲ್ ಮೇಲಿದ್ದ ಕಾರಣ ಬರಲಾಗಲಿಲ್ಲ.

ಆ ಸುದ್ದಿ ನಮಗೆ ಮುಟ್ಟಲಿಲ್ಲ, ಹೀಗಾಗಿ ಭಾನುವಾರ ಬೆಳಿಗ್ಗೆ ಬಂದು ನಿಂತವರು ನಾವಿಬ್ಬರೇ. ತೊಡೆಗಳು ನನ್ನವಲ್ಲ ಎನ್ನುವ ಹಾಗಿದ್ದವು, ಸೀಟಿನ ವಿಷಯ ಪತ್ರದಲ್ಲಿ ಬರೆಯುವಂಥದ್ದಲ್ಲ. ನಾಳೆ ಏಳಲಿಕ್ಕಾಗುತ್ತದೋ ಇಲ್ಲವೋ ಎಂದು ನಾನು ನರಳಿದರೆ, ಮೂವತ್ತು ವರ್ಷದಿಂದ ದಿನಾ ಹಾಸನಕ್ಕೆ ಹಾಲು ತರುವ ದ್ಯಾವಯ್ಯನವರು ನಕ್ಕು, "ನಾಳಿಕ್ಕೂ ಹಸ ಹಾಲು ಕೊಡ್ತದೆ ಕಣಮ್ಮ, ನಾಳಿಕ್ಕೂ ತುಳೀಬೇಕು" ಅಂದರು. ತರಬೇತಿಯ ಬಗ್ಗೆ ನಾನು ಕೇಳಿದ ಅತ್ಯಂತ ಚಿಕ್ಕ ಭಾಷಣ ಅದು.

ಚನ್ನರಾಯಪಟ್ಟಣದಲ್ಲಿ ಸ್ವಾಗತಕ್ಕೆ ನಿಂತಿದ್ದ ಪಾಲಾಕ್ಷ ಅವರ ಬಳಿ ಇಪ್ಪತ್ತೆಂಟು ಹಾರ, ಮೂವತ್ತು ಜನಕ್ಕೆ ಇಡ್ಲಿ ಇದ್ದವು. ಪಕ್ಕದಲ್ಲಿ, ನೋಡಿಹೋಗೋಣವೆಂದು ಬಂದಿದ್ದ ದೇವರಾಜ್ ಅವರೂ ಇದ್ದರು. ಉಳಿದವರೆಲ್ಲಿ ಎಂದು ಅವರು ಕೇಳಿದ್ದಕ್ಕೆ ದ್ಯಾವಯ್ಯನವರು, ಪಾಪ, ಹಿಂದೆ ಬರುತ್ತಿದ್ದಾರೆ ಅಂದರು. ನಾಲ್ಕೂ ಜನ ಹಾಸನದ ರಸ್ತೆಯನ್ನೇ ನೋಡುತ್ತಾ ಒಂದು ಗಂಟೆ ನಿಂತೆವು. ಎರಡು ಬಸ್ಸು ಬಂದವು, ಒಂದು ಎಮ್ಮೆ ಬಂತು. ಆಮೇಲೆ ಪಾಲಾಕ್ಷ ಅವರು ವ್ಯರ್ಥವಾಗಬಾರದೆಂದು ಅಷ್ಟೂ ಹಾರಗಳನ್ನು ನಮ್ಮಿಬ್ಬರ ಕೊರಳಿಗೇ ಹಾಕಿದರು. ದೇವರಾಜ್ ಅವರು ಮಾತ್ರ ನಗಲಿಲ್ಲ. ಜಾಥಾದ ಎರಡೂ ದಿನ ಪ್ರತಿ ಊರಿನಲ್ಲೂ ತಮ್ಮ ಕಾಫಿ ವ್ಯಾಪಾರದ ಲೆಕ್ಕ ಬರೆಯುವ ರೈಟರ್ ಒಬ್ಬ ಪುಸ್ತಕ ಹಿಡಿದು ಕೂರುತ್ತಾನೆ, ತುಳಿದು ಬಂದವರ ಹೆಸರನ್ನಷ್ಟೇ ಬರೆದುಕೊಳ್ಳುತ್ತಾನೆ ಎಂದು ಹೇಳಿ ಹೊರಟರು. ಸಮಿತಿಯ ಘನತೆಗೆ ಬಂದ ಕುಂದು ಇದೇ ಎಂದು ಕಾಣುತ್ತದೆ.

ಈಗ ಕ್ಷಮಾಪಣೆಯ ವಿಚಾರ. ತಂಗಿಯ ಗಾಡಿಯ ಆಸೆಗೆ ಒಂದು ರಾತ್ರಿ ಕ್ಷಮಾಪಣೆ ಬರೆದೂ ಇದ್ದೆ, ಸುಳ್ಳು ಹೇಳುವುದಿಲ್ಲ. ಅವಳು ಅದನ್ನು ಓದಿ, ಅದೇ ಹಾಳೆಯಲ್ಲಿ ಮಿಷನ್ನಿನ ಎಣ್ಣೆ ಒರೆಸಿದಳು. ಆದ್ದರಿಂದ ಕ್ಷಮೆಯ ಬದಲು ಒಂದು ಕೋರಿಕೆ ಸಲ್ಲಿಸುತ್ತೇನೆ. ದೇವರಾಜ್ ಅವರು ಕೊಡುವ ಮೂರು ಚಕ್ರದ ಗಾಡಿಗಳನ್ನು ಮೊದಲು ಸಮಿತಿಯ ಇಪ್ಪತ್ತಾರು ಸದಸ್ಯರಿಗೇ ಹಂಚತಕ್ಕದ್ದು. ನನ್ನ ತಂಗಿ ಜಗಲಿಯವರೆಗಾದರೂ ತಾನೇ ತೆವಳಿ ಬರುತ್ತಾಳೆ. ತಮಗೆ ಅರಕಲಗೂಡಿನವರೆಗೂ ಬರಲಾಗಲಿಲ್ಲ. ಅಗತ್ಯ ಯಾರಿಗೆ ಹೆಚ್ಚೆಂದು ಊರೇ ನೋಡಿದೆ.

ನಮ್ಮ ಹೆಸರನ್ನು ಧಾರಾಳವಾಗಿ ಹೊಡೆಯಿರಿ. ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ನಾವಿಬ್ಬರೂ ಟೋಪಿಯಿಲ್ಲದೆ, ಬ್ಯಾನರಿಲ್ಲದೆ ಅದೇ ರಸ್ತೆಯಲ್ಲಿ ಇರುತ್ತೇವೆ. ರಸ್ತೆ ಸಮಿತಿಯದಲ್ಲ, ಪುಸ್ತಕ ಹಿಡಿದು ಕೂರುವ ರೈಟರ್ ಕೂಡ ಸಮಿತಿಯವನಲ್ಲ.

ಎರಡೂ ದಿನ ತಮ್ಮ ವಿಶ್ವಾಸಿ,
ಗಂಗಾಂಬಿಕೆ

ವಿ.ಸೂ.: ರಸ್ತೆಯಲ್ಲಿ ಸಿಕ್ಕ ಹನ್ನೊಂದು ಟೋಪಿಗಳನ್ನು ನೀಲಗಂಗಮ್ಮ ಒಗೆದು ಇಸ್ತ್ರಿ ಮಾಡಿದ್ದಾಳೆ, ಈ ಪತ್ರದ ಜೊತೆ ಕಳಿಸಿದ್ದೇನೆ. ತಮ್ಮದಕ್ಕೆ ಮಾತ್ರ ಗಲ್ಲದ ಕೆಳಗೆ ಕಟ್ಟಿಕೊಳ್ಳಲು ಗಟ್ಟಿಯಾದ ಲಾಡಿ ಹೊಲಿದಿದ್ದಾಳೆ. ಕಿಟಕಿ ಪಕ್ಕ ಗಾಳಿ ಜಾಸ್ತಿಯಂತೆ.