ನಾಲ್ಕು ನಿಮಿಷದ ದೀಪ

ಎಲ್ಲಕ್ಕೂ ಕಾರಣ ಚಾವಣಿಯಲ್ಲಿದ್ದ, ಅಂಗಿಯ ಗುಂಡಿಯಷ್ಟು ಗಾತ್ರದ ಒಂದು ಯಂತ್ರದ ಕಣ್ಣು. ಕೋಣೆಯಲ್ಲಿ ಯಾರಾದರೂ ಅಲ್ಲಾಡಿದರೆ ಅದು ದೀಪ, ಫ್ಯಾನು ಹಾಕುತ್ತಿತ್ತು. ನಾಲ್ಕು ನಿಮಿಷ ಯಾರೂ ಅಲ್ಲಾಡದಿದ್ದರೆ ಕೋಣೆ ಖಾಲಿಯೆಂದು ತೀರ್ಮಾನಿಸಿ ಎರಡನ್ನೂ ಆರಿಸುತ್ತಿತ್ತು. ಆಸ್ಪತ್ರೆಯಲ್ಲಿ ಜನ ಸಾಮಾನ್ಯವಾಗಿ ಅಲ್ಲಾಡದೆ ಮಲಗಿರುತ್ತಾರೆ ಎಂಬುದು ಅದನ್ನು ನಕ್ಷೆಯಲ್ಲಿ ಸೇರಿಸಿದ ಆರ್ಕಿಟೆಕ್ಟರಿಗೆ ಹೊಳೆದದ್ದು, ಸ್ವತಃ ಆ ಹಾಸಿಗೆಯ ಮೇಲೆ ಮಲಗಿದ ಐದನೆಯ ನಿಮಿಷದಲ್ಲಿ.

ಕಚೇರಿಯಲ್ಲಿ ಅವರ ಅಡ್ಡಹೆಸರು ನೀಲನಕ್ಷೆ. ಹದಿನಾರು ವರ್ಷದಲ್ಲಿ ಅವರು ಬಿಡಿಸಿದ ಒಂದು ಶಾಲೆ, ಎರಡು ಗ್ರಂಥಾಲಯ, ಒಂದು ಬಸ್ ನಿಲ್ದಾಣ ಕಾಗದದಿಂದ ಕೆಳಗಿಳಿದಿರಲಿಲ್ಲ. ಈ ಸಲದ್ದು ಹಾಗಾಗುವುದಿಲ್ಲ ಎಂದು ಅವರು ನಂಬಿದ್ದರು. ನಗರದ ನಡುವಿನ ಹಳೆಯ ಆಸ್ಪತ್ರೆಯನ್ನು ಕೆಡವಿ ಹಸಿರು ಆಸ್ಪತ್ರೆ ಕಟ್ಟುವ ಯೋಜನೆ: ಮಳೆನೀರಿನ ಕೊಳ, ಬಿಸಿಲಿನಲ್ಲೇ ಕಾಯುವ ನೀರು, ವಾರ್ಡು ವಾರ್ಡಿನ ನಡುವೆ ಮರಗಳು. ಇನ್ನೂರು ಪುಟದ ವರದಿಯ ಮೊದಲ ಪುಟದಲ್ಲಿ, ಕಿವಿಗೆ ಚೆನ್ನಾಗಿದೆಯೆಂಬ ಒಂದೇ ಕಾರಣಕ್ಕೆ, 'ಕಟ್ಟದೆ ಬಿಟ್ಟ ಕಟ್ಟಡವೇ ಎಲ್ಲಕ್ಕಿಂತ ಹಸಿರು' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದರು.

ಸಮಿತಿಯದು ಒಂದೇ ಷರತ್ತು. ಮೊದಲು ಹಳೆ ಕಟ್ಟಡದಲ್ಲೇ ಒಂದು ಮಾದರಿ ಕೋಣೆ ಮಾಡಿ, ಒಂದು ದಿನ ರೋಗಿಯನ್ನು ಮಲಗಿಸಿಡಿ, ನಾಲ್ಕು ಗಂಟೆಗೆ ಬಂದು ನೋಡುತ್ತೇವೆ. ಒಪ್ಪಿಗೆಯಾದರೆ ಮುಂದಿನ ತಿಂಗಳೇ ಕೆಲಸ ಶುರು. ಕೋಣೆಯೇನೋ ಸಿಕ್ಕಿತು, ಹಳೆಯ ಉಗ್ರಾಣ. ದೊಡ್ಡ ಕಿಟಕಿಯನ್ನೂ ಇಟ್ಟರು. ಅದರಾಚೆ ಒಂದು ಮೊಳ ದೂರದಲ್ಲಿ ಬಟ್ಟೆ ಒಗೆಯುವ ಕಟ್ಟಡದ ಗೋಡೆ ನಿಂತಿದ್ದುದರಿಂದ ಅದರ ಮೇಲೆ ಒಂದು ಮರದ ಚಿತ್ರ ಬರೆಸಿದರು. ಸಿಗದೆ ಹೋದದ್ದು ರೋಗಿ. "ಪ್ರಯೋಗ ಮಾಡೋಕೆ ನಮ್ಮಪ್ಪನೇ ಬೇಕಿತ್ತಾ ನಿಮಗೆ?" ಎಂದು ಒಬ್ಬ ರೋಗಿಯ ಮಗಳು ಕೇಳಿದ ಮೇಲೆ, ಅವರು ತಾವೇ ಆಸ್ಪತ್ರೆಯ ನಿಲುವಂಗಿ ತೊಟ್ಟು ಮಲಗಿದರು.

ಬೆಳಗ್ಗೆಯೆಲ್ಲ ಮೂರು ನಿಮಿಷಕ್ಕೊಮ್ಮೆ ಕಾಲು ಜಾಡಿಸಿದರು. ಆಮೇಲೆ ಚಾವಣಿಯ ಕಣ್ಣಿಗೆ ಕಾಲು ಸಾಲದಾಯಿತು, ಕೈ ಬೀಸಿದರು. ಮಧ್ಯಾಹ್ನದ ಹೊತ್ತಿಗೆ, ನೀರಲ್ಲಿ ಮುಳುಗುತ್ತಿರುವವನು ದಡದವರನ್ನು ಕರೆಯುವಂತೆ, ಎರಡೂ ಕೈ ಎತ್ತಿ ಬೀಸಬೇಕಾಗಿತ್ತು.

ಪಕ್ಕದ ವಾರ್ಡಿನ ಅಜ್ಜ, ಡ್ರಿಪ್ಪಿನ ಕಂಬವನ್ನು ಆಕಳಿನಂತೆ ಹಿಡಿದು ಅಡ್ಡಾಡಿಸುತ್ತ ಬಂದವರು, ಬಾಗಿಲಲ್ಲಿ ನಿಂತು ನೋಡಿದರು.

"ಎಷ್ಟು ದಿನದಿಂದ ಹೀಗೆ ಬರ್ತಿದೆ?"

"ಬರ್ತಿಲ್ಲ ಅಜ್ಜ, ನಾನೇ ಮಾಡ್ತಿದೀನಿ. ಮಾಡ್ದಿದ್ರೆ ದೀಪ ಆರಿಹೋಗತ್ತೆ."

"ನಮ್ಮ ಭಾವಮೈದುನನೂ ಮೊದಮೊದಲು ಹೀಗೇ ಹೇಳ್ತಿದ್ದ," ಎಂದು ಅಜ್ಜ ಸಿಸ್ಟರನ್ನು ಕರೆಯಲು ಹೋದರು.

ಬೆಳಗಿನ ಸಿಸ್ಟರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಒಂದು ಗಂಟೆಗೆ ಪಾಳಿ ಬದಲಾಗಿತ್ತು. ಪಾಳಿ ಬದಲಾಗುವಾಗ ಒಬ್ಬೊಬ್ಬ ರೋಗಿಯ ವಿಷಯವನ್ನೂ ತಿಳಿಸಿ ಹೋಗುವುದು ಕ್ರಮ. ಇವರು ರೋಗಿಯಲ್ಲವಾದ್ದರಿಂದ ಇವರ ವಿಷಯ ಯಾರೂ ತಿಳಿಸಿರಲಿಲ್ಲ. ಹೊಸ ಸಿಸ್ಟರು ನರರೋಗದ ಡಾಕ್ಟರನ್ನೇ ಕರೆತಂದರು.

"ನಾನು ರೋಗಿ ಅಲ್ಲ ಡಾಕ್ಟ್ರೇ, ಈ ಆಸ್ಪತ್ರೆ ಡಿಸೈನ್ ಮಾಡಿದವನು."

"ಈ ಆಸ್ಪತ್ರೆ ಕಟ್ಟಿ ಎಂಬತ್ತು ವರ್ಷ ಆಯ್ತು," ಎಂದರು ಡಾಕ್ಟರು, ಮೃದುವಾಗಿ.

"ಇದಲ್ಲ, ಮುಂದೆ ಬರೋದು. ಆ ಗೋಡೆ ಇದೆಯಲ್ಲ, ಅಲ್ಲಿ ಕೊಳ. ನೀವು ನಿಂತಿದೀರಲ್ಲ, ಅಲ್ಲೊಂದು ದೊಡ್ಡ ಮರ."

ಡಾಕ್ಟರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಏನೋ ಬರೆದುಕೊಂಡರು.

"ಬೇಕಿದ್ರೆ ನನ್ನ ಹೆಂಡತೀನ ಕೇಳಿ."

ಸಿಸ್ಟರು ಫೋನ್ ಮಾಡಿದರು. "ಅಮ್ಮ, ನಿಮ್ಮ ಯಜಮಾನ್ರು ಕಟ್ಟಡ ಡಿಸೈನ್ ಮಾಡೋರಾ?"

ಆ ಕಡೆಯ ಉತ್ತರ ಕೋಣೆಗೆಲ್ಲ ಕೇಳಿಸಿತು. "ಹಾಗಂತ ಅವರು ಹೇಳ್ತಿರ್ತಾರೆ. ಮದುವೆಯಾಗಿ ಹನ್ನೊಂದು ವರ್ಷ ಆಯ್ತು, ಒಂದು ಗೋಡೆನೂ ನಾನು ಕಣ್ಣಲ್ಲಿ ನೋಡಿಲ್ಲಮ್ಮ. ಯಾಕೆ, ಏನ್ ಮಾಡಿದ್ರು?"

ಅಷ್ಟರಲ್ಲಿ ಮೂರು ನಿಮಿಷವಾಗಿತ್ತು. ಅಭ್ಯಾಸಬಲದಿಂದ ನೀಲನಕ್ಷೆ ಎರಡೂ ಕೈ ಎತ್ತಿ ಬೀಸಿದರು. ಡಾಕ್ಟರು ಇಂಜೆಕ್ಷನ್ ತರಲು ಹೇಳಿದರು.

ಕಣ್ಣು ಬಿಟ್ಟಾಗ ಐದೂವರೆ. ಹಾಸಿಗೆಯ ಪಕ್ಕ ಸಮಿತಿಯ ಕಾರ್ಯದರ್ಶಿ, ಮಗಳ ಮದುವೆ ಗೊತ್ತಾದವರಂತೆ ಮುಖ ಅರಳಿಸಿಕೊಂಡು ಕೂತಿದ್ದರು.

"ಗೆದ್ಬಿಟ್ರಿ ಸಾರ್. ನಾಲ್ಕು ಗಂಟೆಗೆ ಬಂದ್ವಿ. ಕೋಣೆ ಕತ್ತಲು, ಫ್ಯಾನ್ ಇಲ್ಲ, ಹೊರಗಿನ ಕರೆಂಟ್ ಮೀಟರು ಎರಡು ಗಂಟೆಯಿಂದ ಕೂದಲೆಳೆಯಷ್ಟೂ ಕದಲಿಲ್ಲ. ಒಳಗಿಂದ ಮಾತ್ರ ನೆಮ್ಮದಿಯ ಗೊರಕೆ. ನಾವು ಕಾಲಿಟ್ರೆ ದೀಪ ಹತ್ತಿಬಿಡತ್ತೆ ಅಂತ ಅಧ್ಯಕ್ಷರು ಯಾರನ್ನೂ ಒಳಗೆ ಬಿಡಲಿಲ್ಲ."

"ಒಪ್ಪಿಗೆ ಆಯ್ತಾ?" ನೀಲನಕ್ಷೆಯವರ ನಾಲಿಗೆ ಇನ್ನೂ ತೊದಲುತ್ತಿತ್ತು.

"ಒಬ್ಬರೂ ಬೇಡ ಅನ್ನಲಿಲ್ಲ."

"ಹಾಗಾದ್ರೆ ಮುಂದಿನ ತಿಂಗಳು ಕೆಲಸ ಶುರು."

"ಮುಂದಿನ ತಿಂಗಳು ಯಾಕೆ, ನಾಳೆನೇ. ಈಗಿರೋ ಎಲ್ಲ ವಾರ್ಡಿಗೂ ಈ ಕಣ್ಣು ಹಾಕಿಸ್ತೀವಿ. ಮಧ್ಯಾಹ್ನ ಊಟ ಆದ್ಮೇಲೆ ಎಲ್ಲ ರೋಗಿಗಳಿಗೂ ಡಾಕ್ಟ್ರು ನಿಮಗೆ ಕೊಟ್ಟ ಆ ಇಂಜೆಕ್ಷನ್ನು. ಹಸಿರು ಯೋಜನೆಗೆ ಅವರನ್ನೇ ಮುಖ್ಯಸ್ಥರು ಮಾಡಿದೀವಿ."

"ಮತ್ತೆ ಹೊಸ ಕಟ್ಟಡ?"

ಕಾರ್ಯದರ್ಶಿ ವರದಿಯ ಮೊದಲ ಪುಟ ತೆರೆದು, ದಪ್ಪ ಅಕ್ಷರಗಳ ಕೆಳಗೆ ಅಧ್ಯಕ್ಷರು ಎಳೆದಿದ್ದ ಕೆಂಪು ಗೆರೆ ತೋರಿಸಿದರು. "ನಿಮ್ಮ ಮಾತೇ ಸಾರ್ ಇದು. ಅಧ್ಯಕ್ಷರು ಎಲ್ಲರ ಮುಂದೆ ಎರಡು ಸಲ ಓದಿದ್ರು. ಉಳಿದ ಪುಟ ತಿರುಗಿಸೋ ಅಗತ್ಯನೇ ಬೀಳಲಿಲ್ಲ."

ಅವರು ಕೈಕುಲುಕಿ ಹೊರಟುಹೋದ ಮೇಲೆ ನೀಲನಕ್ಷೆ ಎದ್ದು ಕೂತು ಎರಡೂ ಕೈ ಮೇಲೆತ್ತಿದರು. ಈ ಸಲ ದೀಪಕ್ಕಾಗಿ ಅಲ್ಲ. ಬಾಗಿಲಲ್ಲಿ ಡ್ರಿಪ್ಪಿನ ಕಂಬ ಕಿರುಗುಟ್ಟಿತು.

"ಸಿಸ್ಟರ್," ಅಜ್ಜ ಕರೆದರು, "ಮತ್ತೆ ಬಂತು ನೋಡಿ."

ನೀಲನಕ್ಷೆ ಕೈ ಇಳಿಸಿ, ಮೆಲ್ಲಗೆ ಮಲಗಿ, ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು ಅಲುಗಾಡದೆ ಉಳಿದರು. ಅಜ್ಜ ಸ್ವಲ್ಪ ಹೊತ್ತು ಕಾದು, ನಿರಾಶೆಯಿಂದ ಹೊರಟುಹೋದರು. ಅದಾಗಿ ಸರಿಯಾಗಿ ನಾಲ್ಕು ನಿಮಿಷಕ್ಕೆ ದೀಪ ಆರಿತು. ಹದಿನಾರು ವರ್ಷದಲ್ಲಿ ಅವರ ನಕ್ಷೆಯಿಂದ ಇಳಿದು ಜನರ ಬಳಕೆಗೆ ಹೋಗಲಿದ್ದ ಮೊದಲ ವಸ್ತು ಆ ಕಣ್ಣು. ಕೆಲಸ ಮಾತ್ರ ಬಹಳ ಅಚ್ಚುಕಟ್ಟು.